ಕೆಸರಿನ ತಿರುವಿನಲ್ಲಿ ಬೋರಲು ಮಲಗುತ್ತಿದ್ದವರು

ನಮ್ಮ ಯಜಮಾನರಿಗೆ ಮೋಟರ್ ಸೈಕಲ್ ಓಡಿಸಲು ಬರುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಅವರು ತೀರಿಹೋದ ಮೇಲೆ ಜನ ಬೇರೆ ಕಥೆ ಕಟ್ಟುತ್ತಿದ್ದಾರೆ. ರೇಸಿಗೆ ಅವರು ಹೋಗುತ್ತಿದ್ದುದು ಬಸ್ಸಿನಲ್ಲಿ. ಹೆಗಲಿಗೆ ಕ್ಯಾಮೆರಾ, ಕಂಕುಳಲ್ಲಿ ಮಡಿಸಿದ ಗೋಣಿಚೀಲ.

ರೇಸೆಂದರೆ ಹಳೇ ಬೈಕುಗಳ ಸ್ಕ್ರಾಂಬಲ್. ದಿಬ್ಬ, ಹಳ್ಳ, ಕೆಸರು ಎನ್ನದೆ ಅಜ್ಜನ ಕಾಲದ ಬೈಕು ಓಡಿಸುವುದು. ಓಡಿಸುವವರೂ ಎಳೆಯರಲ್ಲ. ಹೊಟ್ಟೆ ಬಂದವರು, ತಲೆ ಬೋಳಾದವರು. ಅಟ್ಟದಿಂದ ಒಂದು ಡಬ್ಬಿ ಇಳಿಸಿಕೊಡಿ ಎಂದರೆ ಸೊಂಟ ಹಿಡಿದುಕೊಳ್ಳುವ ಗಂಡಸರು ಅಲ್ಲಿ ಗಾಳಿಯಲ್ಲಿ ಹಾರುತ್ತಿದ್ದರು. ಬಿದ್ದರೆ ಎದ್ದು ಮೊದಲು ಬೈಕಿನ ಮೈ ಸವರುತ್ತಿದ್ದರು. ಅವರ ಹೆಂಡಂದಿರಿಗೆ ಆ ಭಾಗ್ಯ ಇರಲಿಕ್ಕಿಲ್ಲ.

ನಮ್ಮವರು ತಿರುವಿನ ಒಳಮಗ್ಗುಲಲ್ಲಿ ಗೋಣಿ ಹಾಸಿ ಬೋರಲು ಮಲಗುತ್ತಿದ್ದರು. ಕೆಳಗಿನಿಂದ ತೆಗೆದರೇ ಗಾಲಿ ನೆಲ ಬಿಟ್ಟದ್ದು ಕಾಣುವುದಂತೆ. ಎರಚಿದ ಕೆಸರು ಇನ್ನೇನು ಮುಖಕ್ಕೆ ಬಿತ್ತು ಅನ್ನುವಾಗ ಬಟನ್ ಒತ್ತುವುದು, ಆಮೇಲೆ ಬನಿಯನ್ನಿನಲ್ಲಿ ಲೆನ್ಸ್ ಒರೆಸುವುದು. ಆ ಬನಿಯನ್ ಒಗೆದವಳು ನಾನು. ಬಚ್ಚಲಿಗೆ ಕರೀ ಬಟ್ಟೆ ಕಟ್ಟಿ ಫಿಲ್ಮ್ ತೊಳೆಯುತ್ತಿದ್ದರು. ಅವತ್ತು ಮನೆಯಲ್ಲಿ ಯಾರಿಗೂ ಸ್ನಾನವಿಲ್ಲ.

ಆ ಫೋಟೋಗಳನ್ನು ಗ್ರೀಟಿಂಗ್ ಕಾರ್ಡಿಗೆ ಹಾಕುತ್ತಿದ್ದವನು ಪ್ರೆಸ್ಸಿನವನು. ಎಲ್ಲರೂ ಅವನನ್ನು ಶುಭಾಶಯ ಎಂದೇ ಕರೆಯುವುದು. ಹಾರಿದವನ ಫೋಟೋಕ್ಕೆ ಹುಟ್ಟುಹಬ್ಬದ ಹಾರೈಕೆ, ಗೆದ್ದವನದಕ್ಕೆ ಪರೀಕ್ಷೆ ಪಾಸಾದವರಿಗೆ ಹೇಳುವ ಹಾರೈಕೆ. ಕೆಸರಲ್ಲಿ ಹೂತುಹೋದವನ ಮೇಲೆ ಮದುವೆಯ ಶುಭಾಶಯ. ಅದೊಂದು ಮಾತ್ರ ಸರಿಯಾಗಿತ್ತು. ಕಾರ್ಡಿನ ಹಿಂದೆ ಪ್ರೆಸ್ಸಿನ ಹೆಸರು ದಪ್ಪಕ್ಷರದಲ್ಲಿ. ನಮ್ಮವರ ಹೆಸರು ಒಂದರಲ್ಲೂ ಇಲ್ಲ.

"ಮುಂದಿನ ಸಲ ಹಾಕ್ತಾನಂತೆ ಬಿಡೆ" ಎನ್ನುತ್ತಿದ್ದರು ಇವರು.

"ಅವನ ಮುಂದಿನ ಸಲ ಯಾವಾಗ್ರೀ? ನಿಮ್ಮ ತಲೆ ಬಿದ್ದ ಮೇಲಾ?"

ನಗುತ್ತಿದ್ದರು. ಆದರೆ ಹೊಸ ಕಾರ್ಡ್ ಬಂದಾಗಲೆಲ್ಲ ಮೊದಲು ತಿರುವಿ ಹಿಂಬದಿ ನೋಡುತ್ತಿದ್ದರು. ನೋಡಿ ಮೇಜಿನ ಮೇಲೆ ಇಡುತ್ತಿದ್ದರು.

ಹೋದದ್ದು ಮನೆಯ ಕುರ್ಚಿಯಲ್ಲೇ, ಎದೆನೋವಿನಿಂದ. ಬೈಕಿನವರ ಸಂಘದಿಂದ ಸಂತಾಪ ಬಂತು. ಅವರ ಹತ್ತಿರ ಇದ್ದದ್ದು ಇವರೇ ತೆಗೆದ ಫೋಟೋದ ಕಾರ್ಡುಗಳು, ಅದರಲ್ಲೇ ಒಂದನ್ನು ಎತ್ತಿ ಕಳಿಸಿದ್ದಾರೆ. ಮೇಲೆ ಒಬ್ಬ ತಲೆಕೆಳಗಾಗಿ ಬೀಳುತ್ತಿದ್ದಾನೆ. ಕೆಳಗೆ "ಬೇಗ ಗುಣಮುಖರಾಗಿ" ಎಂದು ಅಚ್ಚಾಗಿದೆ. ಸತ್ತವರಿಗೆ! ಇಪ್ಪತ್ತು ಜನ ಸಹಿ ಹಾಕಿದ್ದಾರೆ, ಒಬ್ಬನಾದರೂ ಓದಿಲ್ಲ.

ಆಮೇಲೆ ಶುಭಾಶಯ ಬಂದ. ನನ್ನ ನಾದಿನಿಯೂ ಮನೆಯಲ್ಲಿದ್ದಳು.

"ಅಕ್ಕಾ, ಅಣ್ಣನ ನೆನಪಿಗೆ ಒಂದು ಸೆಟ್ ಕಾರ್ಡ್ ಮಾಡ್ತಿದೀನಿ. ಹಳೇ ಬೈಕಿನವರ ಕೂಟ ಹತ್ರ ಬಂತು, ಎಲ್ಲರೂ ಕೇಳ್ತಿದಾರೆ. ನೆಗೆಟಿವ್ ಪೆಟ್ಟಿಗೆ ಕೊಟ್ಬಿಡಿ."

"ಹೆಸರು ಹಾಕ್ತೀಯಾ?"

"ಹೆಸರೇನಕ್ಕಾ, ಮುಖಾನೇ ಹಾಕಿದೀನಿ! ನೋಡಿ."

ಮಾದರಿ ಕಾರ್ಡನ್ನು ನನ್ನ ಮಡಿಲಲ್ಲಿಟ್ಟ. ಗುರುತಿನ ಚೀಟಿಗೆ ತೆಗೆಸಿದ ಇವರ ಮುಖ, ಎಣ್ಣೆ ಹಚ್ಚಿ ಬಾಚಿದ ತಲೆ, ನಗುವಿಲ್ಲ. ಅದನ್ನು ಕತ್ತರಿಸಿ ಬೈಕಿನಲ್ಲಿ ಹಾರುವ ಯಾವನೋ ಒಬ್ಬನ ಕತ್ತಿನ ಮೇಲೆ ಕೂರಿಸಿದ್ದಾನೆ.

ನಾದಿನಿ ಕಣ್ಣೊರೆಸಿಕೊಂಡಳು. "ಅತ್ತಿಗೆ, ಅಣ್ಣ ಎಷ್ಟು ಗತ್ತಾಗಿ ಕಾಣ್ತಾನೆ ನೋಡಿ."

"ಆ ಹೊಟ್ಟೆ ನಿಮ್ಮಣ್ಣಂದಾ?"

"ಹೊಟ್ಟೆ ಯಾರದಾದ್ರೇನು, ಮುಖ ಅವನದೇ ಅಲ್ವಾ?"

"ಬೈಕ್ ಸ್ಟಾರ್ಟ್ ಮಾಡಿದ್ರೆ ನಾಲ್ಕು ಹೆಜ್ಜೆ ಹಿಂದೆ ಸರಿಯೋ ಮನುಷ್ಯ ಕಣೇ ಅವರು!"

ಶುಭಾಶಯ ನಡುವೆ ಬಾಯಿ ಹಾಕಿದ. "ಮಲಗಿರೋನನ್ನ ಯಾರು ನೋಡ್ತಾರಕ್ಕಾ? ಹಾರೋನನ್ನ ನೋಡ್ತಾರೆ."

ನನಗೆ ಮೈ ಉರಿಯಿತು. ಈ ಕಾರ್ಡ್ ಮನೆಮನೆಗೆ ಹೋದರೆ ಬೈಕ್ ಓಡಿಸದವರು ಬೈಕಿನವರಾಗಿ ಉಳಿಯುತ್ತಾರೆ. ಕೆಸರಲ್ಲಿ ಮಲಗಿ ಕಣ್ಣು ಕೆಂಪು ಮಾಡಿಕೊಂಡು ಬರುತ್ತಿದ್ದ ನನ್ನ ಗಂಡ ಇದ್ದರೆಂದೇ ಯಾರಿಗೂ ಗೊತ್ತಾಗುವುದಿಲ್ಲ. ಒಮ್ಮೆ ಹೋದವರನ್ನು ಇವನು ಮತ್ತೆ ಕಳಿಸಲು ಬಂದಿದ್ದಾನೆ.

ಮಾದರಿಯನ್ನು ಎರಡಾಗಿ ಹರಿದು ಅವನ ಕೈಗೇ ಕೊಟ್ಟೆ. "ಮುಂದುಗಡೆ ಅವರು ತೆಗೆದ ಫೋಟೋ ಮಾತ್ರ ಇರಲಿ. ಹಿಂದುಗಡೆ ಹೆಸರು, ನಿನ್ನ ಪ್ರೆಸ್ಸಿನ ಹೆಸರಷ್ಟೇ ದಪ್ಪಕ್ಕೆ. ಆಗುತ್ತೆ ಅಂದ್ರೆ ಹೇಳು."

"ಅಕ್ಕಾ, ಪೆಟ್ಟಿಗೆ ಕೊಡಿ, ಖಂಡಿತ ಹಾಕ್ತೀನಿ. ನನ್ನ ಮೇಲೆ ನಂಬಿಕೆ ಇಲ್ವಾ?"

"ಇಲ್ಲ."

ಗೊಣಗುತ್ತ ಹೋದ. ನಾದಿನಿ ಎರಡು ದಿನ ಮಾತು ಬಿಟ್ಟಳು. ಮನೆಗೆ ಸ್ವಲ್ಪ ಶಾಂತಿ ಬಂತು. ಸಂಘದವರ ಕಾಟ ತಡೆಯಲಾರದೆ ಕೊನೆಗೆ ಅವನೇ ಹೇಳಿಕಳಿಸಿದ, ನೀವು ಹೇಳಿದ ಹಾಗೇ ಆಗಲಿ ಎಂದು.

ನಾನು ಒಂದೇ ಒಂದು ನೆಗೆಟಿವ್ ತೆಗೆದುಕೊಂಡು ಹೋಗಿ ಪ್ರೆಸ್ಸಿನಲ್ಲಿ ಮಿಷನ್ನಿನ ಪಕ್ಕ ಸ್ಟೂಲ್ ಹಾಕಿಕೊಂಡು ಕೂತೆ. "ಮನೆಗೆ ಹೋಗಿ ಅಕ್ಕಾ, ಮಸಿ ವಾಸನೆಗೆ ತಲೆ ನೋಯುತ್ತೆ" ಎಂದ. ಬಚ್ಚಲಲ್ಲಿ ಫಿಲ್ಮ್ ತೊಳೆದವರ ಹೆಂಡತಿಗೆ ವಾಸನೆಯ ಉಪದೇಶ. ಏಳಲಿಲ್ಲ. ಮೊದಲ ಕಾರ್ಡ್ ಬಂತು. ಮಸಿ ಆರಿರಲಿಲ್ಲ. ತಿರುವಿ ನೋಡಿದೆ. ಹೆಸರಿತ್ತು. ಅಕ್ಷರ ಕೂಡಿಸಿ ಕೂಡಿಸಿ ಓದಿದೆ, ತಪ್ಪಿರಲಿಲ್ಲ.

"ಉಳಿದ ನೆಗೆಟಿವ್ ಎಲ್ಲಿ ಅಕ್ಕಾ?" ಎಂದ.

"ಮನೇಲಿದೆ. ದಿನಕ್ಕೊಂದು ತರ್ತೀನಿ. ಕಾರ್ಡ್ ಬರಲಿ, ಹಿಂದೆ ನೋಡ್ತೀನಿ, ಆಮೇಲೆ ಇನ್ನೊಂದು."

"ಹೀಗಾದ್ರೆ ಕೂಟದ ಹೊತ್ತಿಗೆ ಮುಗಿಯೋದು ಹೇಗೆ?"

"ಮುಂದಿನ ಸಲ ಮುಗಿಸು" ಎಂದು ಸ್ಟೂಲಿನಿಂದ ಎದ್ದೆ.