ಮಖಮಲ್ಲಿನ ಹೆಗಲು

ಹುವೆ ಪಟ್ಟಣದಲ್ಲಿ, ನದಿಯ ಪಕ್ಕದ ಹಳೇ ಪೇಟೆ ಬೀದಿಯಲ್ಲಿ, ಥ್ವಾ ಎಂಬ ದರ್ಜಿ ಹೆಂಗಸಿನ ಅಂಗಡಿ ಇತ್ತು. ಅವಳ ಹತ್ತಿರ ಆವೊ ಯಾಯ್ ಹೊಲಿಸಬೇಕೆಂದರೆ ಮೊದಲು ಬೈಸಿಕೊಳ್ಳಬೇಕಿತ್ತು. ಷರಾಯಿಯ ಮೇಲೆ ತೊಡುವ ಆ ಉದ್ದಂಗಿಗೆ ಅಳತೆ ತೆಗೆಯುವಾಗಲೇ ಶುರುವಾಗುತ್ತಿತ್ತು: "ಸೊಂಟ ಎಲ್ಲಿದೆಯಮ್ಮಾ, ಮನೇಲಿ ಬಿಟ್ಟು ಬಂದ್ಯಾ?" "ಕುತ್ತಿಗೆ ಎತ್ತು. ಇಷ್ಟೇನಾ ಇರೋದು?" ಬೈಸಿಕೊಂಡವರು ಮತ್ತೆ ಬರುತ್ತಿದ್ದರು. ಅವಳು ಹೊಲಿದ ಅಂಗಿ ಮೈಮೇಲೆ ಕೂತರೆ ನೀರು ಹರಿದ ಹಾಗೆ ಇರುತ್ತಿತ್ತು. ಅದು ಅವಳಿಗೂ ಗೊತ್ತಿತ್ತು. ಸೊಕ್ಕಿಗೆ ಅಷ್ಟು ಸಾಕಾಗಿತ್ತು.

ಅವಳ ತಾಯಿಯೂ ದರ್ಜಿಯೇ. ಐದು ತುಂಡು ಜೋಡಿಸಿದ, ಬಲಗಡೆ ಗುಂಡಿಯ, ದೊಗಲೆ ಅಂಗಿಗಳನ್ನು ದೊಡ್ಡಮನೆ ಹೆಂಗಸರಿಗೆ ಹೊಲಿದುಕೊಟ್ಟವಳು. ಯುದ್ಧದ ಕಾಲದಲ್ಲಿ ಥ್ವಾ ಸೈಗಾನಿಗೆ ಹೋಗಿ ಹೊಸ ಕಟಿಂಗ್ ಕಲಿತು ಬಂದಳು. ಕುತ್ತಿಗೆಯಿಂದಲೇ ಓರೆಯಾಗಿ ಇಳಿಯುವ ತೋಳು, ಮೈಗೆ ಅಂಟಿದ ಸೊಂಟ. ತಾಯಿ ಅದನ್ನು ಎತ್ತಿ ನೋಡಿ, ಎಲೆಅಡಿಕೆ ಉಗಿದು, "ಇದು ಅಂಗಿಯಲ್ಲ ಕಣೇ, ಹಾವಿನ ಪೊರೆ. ಹಾಕ್ಕೊಂಡೋಳು ಉಸಿರಾಡೋದು ಎಲ್ಲಿಂದ?" ಅಂದಿದ್ದಳು. ಹುಡುಗಿಯರು ಮಾತ್ರ ಆ ಪೊರೆಗೆ ಮುಗಿಬಿದ್ದರು.

ಯುದ್ಧ ಮುಗಿದು ಹೊಸ ಸರ್ಕಾರ ಬಂದ ಮೇಲೆ ಉದ್ದಂಗಿ ಹಾಕುವುದೇ ಸೋಮಾರಿಗಳ ಲಕ್ಷಣ ಅನ್ನಿಸಿಕೊಂಡಿತು. ಥ್ವಾ ಸಹಕಾರ ಸಂಘದಲ್ಲಿ ಕೂತು ಕೂಲಿಯವರ ಷರಾಯಿ ಹೊಲಿದಳು. "ಎರಡು ಗೋಣಿಚೀಲ ಜೋಡಿಸಿದ್ರೆ ಒಂದು ಷರಾಯಿ" ಎಂದು ಅಲ್ಲೂ ಮೂಗು ಮುರಿದಳು. ಕಾಲ ತಿರುಗಿ ಶಾಲೆ ಹುಡುಗಿಯರು ಮತ್ತೆ ಬಿಳಿ ಉದ್ದಂಗಿ ತೊಟ್ಟು ಸೈಕಲ್ ಏರಿದಾಗ, ಊರಿಗೆ ಮರ್ಯಾದೆ ವಾಪಸ್ ತಂದವಳು ತಾನೇ ಎಂಬಂತೆ ನಡೆದಳು.

ಮುದಿವಯಸ್ಸಿನಲ್ಲಿ ಅವಳ ಹೊಟ್ಟೆ ಉರಿಸಿದ್ದು ಸ್ವಂತ ತಮ್ಮನ ಮಗಳು ವಾನ್. ಆ ಹುಡುಗಿ ಎದುರುಗಡೆಯೇ ಅಂಗಡಿ ತೆರೆದಳು. ಮಂಡಿವರೆಗಿನ ಉದ್ದಂಗಿ, ಷರಾಯಿ ಬದಲು ಲಂಗ, ಬೆನ್ನಿಗೆ ಜಿಪ್, ಉಬ್ಬಿದ ಬುಗ್ಗೆ ತೋಳು. ಪ್ರವಾಸಿಗಳು ಬಾಡಿಗೆಗೆ ತೊಟ್ಟು ಕೋಟೆ ಮುಂದೆ ಫೋಟೋ ತೆಗೆಸಿಕೊಳ್ಳುತ್ತಿದ್ದರು.

"ತೋಳಿಗೆ ದೀಪದ ಬುರುಡೆ ಹಚ್ಚಿದ ಹಾಗಿದೆ" ಎಂದು ಥ್ವಾ ಬಾಗಿಲಲ್ಲಿ ನಿಂತೇ ಕೂಗುತ್ತಿದ್ದಳು.

"ಅಜ್ಜಿ ನಿಮಗೂ ಹೀಗೇ ಬೈದಿದ್ರಂತಲ್ಲ ಅತ್ತೆ, ಹಾವಿನ ಪೊರೆ ಅಂತ?"

"ಆಗ ಅವಳು ಹೇಳಿದ್ದು ತಪ್ಪು. ಈಗ ನಾನು ಹೇಳ್ತಿರೋದು ಸರಿ."

ಅದೇ ಬೀದಿಯ ಮೂಲೆಯಲ್ಲಿ ಲಾಯ್ ಎಂಬವಳು ಚಿಪ್ಪುಮೀನಿನ ಅನ್ನ ಮಾರುತ್ತಿದ್ದಳು. ಚಿಕ್ಕಂದಿನಿಂದ ಕಾವಡಿ ಹೊತ್ತು ಊರು ಸುತ್ತಿದವಳು; ಹೆಗಲು ಗಂಡಸಿನದಕ್ಕಿಂತ ಅಗಲ. ದೊಡ್ಡ ಮಗಳ ಮದುವೆ ಗೊತ್ತಾದಾಗ, ಕಡುಗೆಂಪು ಮಖಮಲ್ಲು ಕೊಂಡು, ಎದೆಗವಚಿಕೊಂಡು ಥ್ವಾಳ ಅಂಗಡಿಗೆ ಬಂದಳು.

"ಅಕ್ಕಾ, ಹುಟ್ಟಿದಾಗಿನಿಂದ ಒಂದು ಉದ್ದಂಗಿ ಹಾಕಿಲ್ಲ. ನಿಮ್ಮ ಕೈಯಲ್ಲೇ ಆಗ್ಲಿ ಅಂತ."

ಥ್ವಾ ಟೇಪನ್ನು ಕೊರಳಿಂದ ತೆಗೆಯಲೂ ಇಲ್ಲ. "ಇದು ಕಾವಡಿ ಹೊರೋ ಹೆಗಲು. ಇದಕ್ಕೆ ಮಖಮಲ್ಲು ಹಾಕಿದ್ರೆ ಎಮ್ಮೆಗೆ ಝೂಲು ಹೊದಿಸಿದ ಹಾಗಾಗುತ್ತೆ. ಬಟ್ಟೆಗೂ ಮಾನ ಅಂತ ಒಂದಿದೆ. ನನ್ನ ಹೆಸರಲ್ಲಿ ಅದು ಬೀದಿಗೆ ಬರೋದು ಬೇಡ."

ಲಾಯ್ ಬಟ್ಟೆಯನ್ನು ಮಡಿಕೆ ತಪ್ಪದಂತೆ ಸುತ್ತಿಕೊಂಡು ಎದುರಿನ ಅಂಗಡಿಗೆ ನಡೆದಳು.

ಮದುವೆಗೆ ಬೀದಿಯವರನ್ನೆಲ್ಲ ಕರೆದಿದ್ದರು, ಥ್ವಾಳನ್ನೂ. ಅವಳು ಹೋದದ್ದೇ ನಗುವುದಕ್ಕೆ. ನಗುವುದಕ್ಕೆ ಬೇಕಾದಷ್ಟಿತ್ತು: ಕಂಕುಳಲ್ಲಿ ನಿರಿಗೆ, ಪಕ್ಕಕ್ಕೆ ಸೇರಿಸಿದ, ಎಳೆದರೆ ಹಿಗ್ಗುವ ಬಟ್ಟೆ, ಬೆನ್ನುದ್ದ ಜಿಪ್. ವಾನ್ ಹೊಲಿದ ಆ ಮಖಮಲ್ಲಿನ ಅಂಗಿ ತೊಟ್ಟು ಲಾಯ್ ಮೇಜಿಂದ ಮೇಜಿಗೆ ಓಡಾಡುತ್ತ ತಟ್ಟೆ ತುಂಬಿಸುತ್ತಿದ್ದಳು.

"ಸೋಫಾಗೆ ಕವರ್ ಹಾಕಿದ ಹಾಗೆ ಹೊಲಿದಿದ್ದಾಳೆ ನೋಡಿ," ಎಂದಳು ಥ್ವಾ, ಮೇಜಿನವರಿಗೆಲ್ಲ ಕೇಳುವಂತೆ.

ಯಾರೂ ನಗಲಿಲ್ಲ. ಲಾಯ್ ಕೈಯಲ್ಲಿದ್ದ ಬೋಗುಣಿ ಕೆಳಗಿಟ್ಟಳು.

"ಹೌದಕ್ಕಾ, ಸೋಫಾನೇ ಅಂದ್ಕೊಳ್ಳಿ. ಬೆಳಿಗ್ಗೆ ಮಗಳು ಈ ಹೆಗಲ ಮೇಲೇ ತಲೆಯಿಟ್ಟು ಅತ್ತಳು. ನಾನು ಕೈಯೆತ್ತಿ ತಬ್ಬಿಕೊಂಡೆ. ಒಂದು ಹೊಲಿಗೇನೂ ಬಿಡಲಿಲ್ಲ. ನೀವು ಹೊಲಿದಿದ್ರೆ ನೆಟ್ಟಗೆ ನಿಂತು ನಿಮ್ಮ ಬಟ್ಟೆ ಕಾಯ್ತಾ ಇರ್ಬೇಕಿತ್ತು. ಉಣ್ಣಿ, ಆರಿಹೋಗುತ್ತೆ."

ಥ್ವಾ ತಲೆ ತಗ್ಗಿಸಿ ಉಂಡಳು. ರುಚಿ ಗೊತ್ತಾಗಲಿಲ್ಲ. ಆಡಿದ ಮಾತಿಗೆ ಎದುರುತ್ತರ ಬಂದದ್ದಕ್ಕಿಂತ, ತನ್ನ ಮಾತಿಗೆ ಒಬ್ಬರಾದರೂ ನಗಲಿಲ್ಲವಲ್ಲ ಎಂಬುದೇ ಹೆಚ್ಚು ಕುಟುಕಿತು.

ಕೆಲವು ದಿನ ಬಿಟ್ಟು ಅವಳೇ ಮೂಲೆಗೆ ಹೋಗಿ, ಅನ್ನ ತಿನ್ನುತ್ತ, ಬೇರೆಡೆ ನೋಡಿಕೊಂಡು ಹೇಳಿದಳು: "ಆ ಅಂಗಿ ತಂದುಕೊಡು. ಕಂಕುಳು ಬಿಚ್ಚಿ ಸರಿ ಮಾಡ್ತೀನಿ. ಕಣ್ಣಿಗೆ ಚುಚ್ಚುತ್ತೆ."

"ಬೇಡಕ್ಕಾ. ನಂಗೆ ಚೆನ್ನಾಗೇ ಇದೆ. ಖಾರ ಇನ್ನೊಂಚೂರು ಹಾಕ್ಲಾ?"

ಬೈದಿದ್ದರೆ ಥ್ವಾ ಗೆಲ್ಲುತ್ತಿದ್ದಳು. ಈ ನಯಕ್ಕೆ ತಟ್ಟೆ ಮುಂದಕ್ಕೆ ಚಾಚಿ ಖಾರ ಹಾಕಿಸಿಕೊಂಡಳು.

ಬರಬರುತ್ತ ಬೈಸಿಕೊಳ್ಳುವವರೇ ಇಲ್ಲವಾದರು. ಹಳೇ ಗಿರಾಕಿಗಳು ಕೆಲವರು ಸತ್ತರು, ಉಳಿದವರ ಸೊಸೆಯಂದಿರು ಜಿಪ್ಪಿಗೆ ಹೋದರು. ಥ್ವಾ ಅಂಗಡಿ ಮುಚ್ಚಿದಳು. ವಾನ್ ಕರೆದಾಗ, "ನಿನ್ನ ಕಸ ಗುಡಿಸೋರು ಬೇಕಲ್ಲ" ಎಂದು ಗೊಣಗುತ್ತ ರಸ್ತೆ ದಾಟಿದಳು. ಒಳಕೋಣೆಯಲ್ಲಿ ಬಟ್ಟೆ ಕತ್ತರಿಸುವ ಕೆಲಸ. ಬಾಗಿಲ ಸಂದಿಯಿಂದ ಪ್ರವಾಸಿಗಳನ್ನು ನೋಡಿ ಊರ ಭಾಷೆಯಲ್ಲಿ ಹಂಗಿಸುವಳು. ಅವರು ಹೊಗಳಿಕೆ ಎಂದುಕೊಂಡು ಕೈಮುಗಿದು ಹೋಗುವರು. ಅದರಿಂದ ಅವಳಿಗೆ ಅವರ ಮೇಲೆ ತಾತ್ಸಾರ ಇನ್ನಷ್ಟು ಹೆಚ್ಚುವುದು.

ಒಂದು ದಿನ ಲಾಯ್ ಎರಡನೇ ಮಗಳ ಮದುವೆಗೆಂದು ಹಸಿರು ಬಟ್ಟೆ ತಂದಳು. ಥ್ವಾ ಟೇಪ್ ಹಿಡಿದು ಎದ್ದಳು.

"ನೀವು ಕೂತ್ಕೊಳ್ಳಿ ಅಕ್ಕಾ. ವಾನ್ ಅಳೀಲಿ," ಎಂದಳು ಲಾಯ್.

ಟೇಪನ್ನು ವಾನ್ ಕೈಗೆ ಎಸೆದು ಥ್ವಾ ಒಳಗೆ ಹೋದಳು. ಹುಡುಗಿ ಹೆಗಲಿನ ಅಳತೆ ಓದಿದ್ದು ಕೇಳಿಸಿತು, ಕಡಿಮೆ ಓದಿದ್ದಳು. ಥ್ವಾಳ ಬಾಯಿ ತೆರೆಯಿತು. ಹಲ್ಲು ಕಚ್ಚಿ ಮುಚ್ಚಿಕೊಂಡಳು. ಮಧ್ಯಾಹ್ನ ಬಟ್ಟೆ ಮೇಜಿಗೆ ಬಂದಾಗ, ಬರೆದ ಅಳತೆಗೆ ಒಮ್ಮೆ ಥೂ ಅಂದು, ಕಂಕುಳಿಗೂ ಹೆಗಲಿಗೂ ಬೇಕಾದಷ್ಟು ಬಿಟ್ಟು ಕತ್ತರಿಸಿದಳು. ಜಿಪ್ಪಿಗೂ ಜಾಗ ಬಿಟ್ಟಳು.

ಅಂಗಿ ತೊಟ್ಟ ಲಾಯ್ ಕನ್ನಡಿ ಮುಂದೆ ಕೈಯೆತ್ತಿ, ಇಳಿಸಿ, ಮತ್ತೆ ಎತ್ತಿ ನೋಡಿದಳು. "ವಾನ್, ನಿನ್ನ ಕೈ ಪಳಗಿದೆ ಕಣೇ," ಎಂದಳು.

ವಾನ್ ಹಿಗ್ಗಿದಳು. ಒಳಗೆ ಥ್ವಾ ಕತ್ತರಿಯನ್ನು ಮೇಜಿನ ಮೇಲೆ ಕುಕ್ಕಿ, ಎರಡೂ ಕತ್ತೆಗಳೇ ಎಂದುಕೊಂಡು, ಮುಂದಿನ ಬಟ್ಟೆ ಎಳೆದುಕೊಂಡಳು.