ಪ್ಲೇಗಿನ ಗುಡಿಸಲಿಗೆ ಮೂರು ಸೈನ್ಸ್ ಕಾದಂಬರಿ

ನಮ್ಮ ಮನೆಯ ಅಟ್ಟದಿಂದ ಮೊದಲ ಇಲಿ ಬಿದ್ದದ್ದು ಒಂದು ಸೋಮವಾರ ಬೆಳಿಗ್ಗೆ. ನಾನು ಪಾಠ ಹೇಳುತ್ತಿದ್ದ ಚನ್ನಗಿರಿಯ ಹೆಣ್ಣುಮಕ್ಕಳ ಸ್ಕೂಲಿಗೆ ಹೊರಡಲು ತಲೆ ಬಾಚಿಕೊಳ್ಳುತ್ತಿದ್ದೆ. ಪೊರಕೆ ಹಿಡಿದು ಬಂದ ಅವ್ವ ಅದನ್ನು ಮುಟ್ಟದೆ ಹಾಗೇ ನಿಂತುಬಿಟ್ಟಳು. ಮೂವತ್ತರ ದಶಕದಲ್ಲಿ ಇಲಿ ಬಿತ್ತು ಎಂದರೆ ಮುಂದಿನದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಪ್ಲೇಗು ಬಂತು, ಮನೆಗೆ ಬೀಗ ಹಾಕಿ ಊರಾಚೆ ಗುಡಿಸಲು ಕಟ್ಟಿಕೊಳ್ಳಬೇಕು. ಮಧ್ಯಾಹ್ನದೊಳಗೆ ಸ್ಕೂಲು ಮುಚ್ಚಿತು. ಮರುದಿನ ಗಾಡಿ ಬರುವುದೆಂದು ಗೊತ್ತಾಯಿತು.

ಗಾಡಿಯಲ್ಲಿ ಅರ್ಧ ನಮ್ಮದು, ಅರ್ಧ ಪಕ್ಕದ ಮನೆಯವರದು. ಆ ಮನೆಯಲ್ಲಿದ್ದವರು ಇಬ್ಬರೇ: ಅಡಿಕೆ ಮಂಡಿಯಲ್ಲಿ ತೂಕ ಹಾಕುವ ಗಂಡ, ನ್ಯಾಮತಿಯಿಂದ ಮದುವೆಯಾಗಿ ಬಂದು ಎರಡು ವರ್ಷವಾಗಿದ್ದ ಹೆಂಡತಿ.

“ಪುಸ್ತಕದ ಪೆಟ್ಟಿಗೆ ಬ್ಯಾಡ. ಮೂರು ತಗೊ, ಸಾಕು,” ಎಂದಳು ಅವ್ವ.

ಪೆಟ್ಟಿಗೆಯಲ್ಲಿ ಹನ್ನೊಂದು ಇಂಗ್ಲಿಷ್ ಕಾದಂಬರಿಗಳಿದ್ದವು. ಹೊನ್ನಾಳಿಯಲ್ಲಿ ಹೊಳೆಯ ಕೆಲಸಕ್ಕೆ ಬಂದಿದ್ದ ಎಂಜಿನಿಯರೊಬ್ಬರು ವರ್ಗವಾಗಿ ಹೋಗುವಾಗ ನಮ್ಮ ಅಣ್ಣನಿಗೆ ಕೊಟ್ಟುಹೋದವು. ಅಣ್ಣ ಅವನ್ನು ‘ಸೈನ್ಸ್ ಕಾದಂಬರಿ’ ಎನ್ನುತ್ತಿದ್ದ. ಇನ್ನೂ ಹುಟ್ಟದ ಯಂತ್ರಗಳ ಕಥೆಗಳು, ಯಾರೂ ಕಾಲಿಡದ ಲೋಕಗಳ ಕಥೆಗಳು. ಸರ್ವೆ ಕೆಲಸ ಸಿಕ್ಕಿ ಜಗಳೂರಿಗೆ ಹೋಗುವಾಗ ಪೆಟ್ಟಿಗೆಯನ್ನು ನನಗೆ ಒಪ್ಪಿಸಿದ್ದ. ಹದಿನಾರಕ್ಕೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದ ನನ್ನನ್ನು ಹಟ ಹಿಡಿದು ಇಂಗ್ಲಿಷ್ ಓದಿಸಿ, ಸ್ಕೂಲಿನ ಅಕ್ಕೋರನ್ನಾಗಿ ಮಾಡಿದವನೂ ಅವನೇ. ಓದಿದ ಪುಸ್ತಕಕ್ಕೆಲ್ಲ ಒಳರಟ್ಟಿನ ಮೇಲೆ ಪೆನ್ಸಿಲಿನಿಂದ ಮಾರ್ಕು ಹಾಕುವುದು ಅವನ ಚಟ. ಮೂರು ಗೀಟು ಎಂದರೆ ಅತ್ಯುತ್ತಮ, ಒಂದು ಎಂದರೆ ಪರವಾಗಿಲ್ಲ.

ಅವತ್ತು ನನಗೆ ಕೂತಲ್ಲಿ ಕೂರಲಾಗಲಿಲ್ಲ. ಒಂದರ ಮೊದಲ ಪುಟ ಓದುವುದು, ಇನ್ನೊಂದರ ಕೊನೆಯ ಪುಟ ನೋಡುವುದು, ಆರಿಸಿಟ್ಟದ್ದನ್ನು ಮತ್ತೆ ಪೆಟ್ಟಿಗೆಗೆ ಹಾಕುವುದು. ಎಷ್ಟು ದಿನ ಆಚೆ ಇರುತ್ತೇವೋ, ತಿರುಗಿ ಬರುತ್ತೇವೋ ಇಲ್ಲವೋ. ಅಂಥ ಹೊತ್ತಿಗೆ ಯಾವ ಪುಸ್ತಕ ಒಳ್ಳೆಯದು? ಕೊನೆಗೆ ಮೂರು ಗೀಟಿನ ಚಂದ್ರಲೋಕದ ಪ್ರಯಾಣ ಒಂದನ್ನು ತೆಗೆದುಕೊಂಡೆ. ಸಮುದ್ರದಡಿ ರೈಲು ಓಡಿಸುವ ಕಥೆಯೊಂದನ್ನು ಅದರ ಚಿತ್ರಗಳಿಗಾಗಿ ತೆಗೆದುಕೊಂಡೆ. ಮೂರನೆಯದರ ಒಳರಟ್ಟಿನ ಮೇಲೆ ಗೀಟೇ ಇರಲಿಲ್ಲ. ‘ಬೇಡ’ ಎಂದು ಬರೆದಿತ್ತು. ಯಾಕೆ ಬೇಡ ಎಂಬ ಕುತೂಹಲಕ್ಕೇ ಅದನ್ನೂ ಸೀರೆಯೊಳಗೆ ಸುತ್ತಿಟ್ಟೆ.

ಸೂಳೆಕೆರೆಯ ದಾರಿಯಲ್ಲಿ, ಕೊಯ್ಲಾದ ಹೊಲವೊಂದರಲ್ಲಿ ಸಾಲಾಗಿ ಗುಡಿಸಲುಗಳೆದ್ದವು. ಬಿದಿರು ತಟ್ಟಿಯ ಗೋಡೆ, ಅಡಿಕೆ ಸೋಗೆಯ ಮಾಡು. ಪಕ್ಕದ ಮನೆಯವರ ಗುಡಿಸಲಿಗೂ ನಮ್ಮದಕ್ಕೂ ನಡುವೆ ಹತ್ತು ಹೆಜ್ಜೆ. ದಿನವೂ ಆಸ್ಪತ್ರೆಯ ಜವಾನನೊಬ್ಬ ಬಂದು ಎಲ್ಲರ ಮೈ ಮುಟ್ಟಿ ನೋಡಿ, ಊರಿನ ಸುದ್ದಿ ಹೇಳಿ ಹೋಗುತ್ತಿದ್ದ. ಅವನು ಬರುವವರೆಗೆ ಒಂದು ತಳಮಳ, ಹೋದಮೇಲೆ ಇನ್ನೊಂದು. ನಾನು ಚಂದ್ರಲೋಕದ ಪುಸ್ತಕ ಹಿಡಿದು ಹೊಲದ ಬದುವಿನ ಮೇಲೆ ಆಚೆಯಿಂದೀಚೆಗೆ ಓಡಾಡುತ್ತಲೇ ಓದುತ್ತಿದ್ದೆ. ಒಂದೇ ಸಾಲನ್ನು ನಾಲ್ಕು ಸಲ ಓದಿದ್ದೂ ಉಂಟು.

ಎಂಟನೆಯ ದಿನ ಪಕ್ಕದವಳ ಗಂಡನಿಗೆ ಜ್ವರ ಬಂತು. ತೊಡೆಸಂದಿಯಲ್ಲಿ ಗಡ್ಡೆ ಎದ್ದಿತ್ತು. ಜವಾನ ಇನ್ನಿಬ್ಬರನ್ನು ಕರೆತಂದು ಅವನನ್ನು ದೂರದ ರೋಗಿಗಳ ಶೆಡ್ಡಿಗೆ ಸಾಗಿಸಿದ. ಹೆಂಡತಿ ಹಿಂದೆ ಓಡಿದಳು. ಅರ್ಧದಲ್ಲೇ ತಡೆದು ವಾಪಸು ಕಳಿಸಿದರು. ಬಂದವಳು ತನ್ನ ಗುಡಿಸಲಿಗೆ ಹೋಗದೆ ನಮ್ಮ ಬಾಗಿಲ ಮುಂದೆ ಕೂತಳು. ಅಳಲಿಲ್ಲ.

“ಅಕ್ಕೋರೆ, ಅದೇನು ಓದ್ತೀರಿ ದಿನಾ? ನನಗೂ ಹೇಳ್ರಿ. ಸುಮ್ನೆ ಕೂತ್ರೆ ತಲೆ ಕೆಟ್ಟೋಗ್ತೈತೆ.”

ಚಂದ್ರಲೋಕದ ಕಥೆಯನ್ನು ಕನ್ನಡದಲ್ಲಿ ಹೇಳತೊಡಗಿದೆ. ಉಕ್ಕಿನ ಗುಂಡಿನೊಳಗೆ ಐದು ಮಂದಿ ಗಂಡಸರು ಕೂತು ಹೋಗುತ್ತಾರೆ ಎಂದಾಗ ಅವಳು ಕೇಳಿದಳು: “ಅಡಿಗೆ ಯಾರು ಮಾಡ್ತಾರೆ?” ಪುಸ್ತಕದಲ್ಲಿ ಅದಿರಲಿಲ್ಲ. ಅಂದು ಸಂಜೆಗೇ ಅವಳಿಗೆ ಚಂದ್ರ ಬೇಸರವಾದ. ಸಮುದ್ರದಡಿಯ ರೈಲು ಎರಡು ದಿನ ಓಡಿ ನಿಂತಿತು. ಅವಳ ಕಣ್ಣೆಲ್ಲ ಶೆಡ್ಡಿನ ದಿಕ್ಕಿಗೇ.

ಆ ಭಾನುವಾರ ಅಣ್ಣ ಜಗಳೂರಿನಿಂದ ಬಂದ. ಹತ್ತಿರ ಬರಬೇಡವೆಂದು ಅವ್ವ ಕೂಗಿದ್ದರಿಂದ ಬದುವಿನಾಚೆಯೇ ನಿಂತ. ಕ್ಷೇಮ ವಿಚಾರಿಸಿ ಮುಗಿಸಿದವನೇ, “ಯಾವ್ಯಾವ ಪುಸ್ತಕ ತಂದೆ?” ಎಂದ. ಹೇಳಿದೆ.

“ಬ್ಯಾಡ ಅಂತ ಬರದಿದ್ನಲ್ಲೇ, ಅದನ್ನ ಯಾಕೆ ತಂದೆ? ಅದರಾಗೆ ಸೈನ್ಸೇ ಇಲ್ಲ. ಒಂದು ನೀರಿನ ಪಂಪು, ಅಷ್ಟೇ. ಮೂರು ಗೀಟಿಂದು ಇನ್ನೂ ಎರಡಿದ್ವು!”

“ಮೂರು ಗೀಟಿಂದು ಇಲ್ಲಿ ನಡೀಲಿಲ್ಲಣ್ಣ,” ಎಂದೆ.

ಅವನಿಗೆ ಸಿಟ್ಟು ಬಂತು. ಒಳ್ಳೆಯ ಪುಸ್ತಕ ಎಲ್ಲಿ ಓದಿದರೂ ಒಳ್ಳೆಯದೇ ಎಂದು ವಾದಿಸಿದ. ಇಪ್ಪತ್ತು ಮಾರು ದೂರದಿಂದ ಅಣ್ಣತಂಗಿಯರು ಕಾದಂಬರಿಗಾಗಿ ಕೂಗಾಡುವುದನ್ನು ಅಕ್ಕಪಕ್ಕದ ಗುಡಿಸಲಿನವರು ಹೊರಗೆ ಬಂದು ನೋಡಿದರು.

ಅವನು ಹೋದಮೇಲೆ ಮೂರನೆಯದನ್ನು ತೆರೆದೆ. ಎರಡು ಪುಟಕ್ಕೇ ತಿಳಿಯಿತು. ಹಡಗಿನಲ್ಲಿ ಬಂದ ಒಂದು ಜ್ವರ ಇಡೀ ಪಟ್ಟಣವನ್ನು ಖಾಲಿ ಮಾಡುವ ಕಥೆ ಅದು. ತಟಕ್ಕನೆ ಮುಚ್ಚಿ ಹಾಸಿಗೆಯಡಿ ಇಟ್ಟೆ. ಅವಳು ನೋಡಿಬಿಟ್ಟಿದ್ದಳು.

“ಅದನ್ಯಾಕೆ ಬಚ್ಚಿಟ್ರಿ?”

ಸುಳ್ಳು ಹೇಳಲು ಬಾಯಿ ಬರಲಿಲ್ಲ. ಕಥೆ ಇಂಥದು ಎಂದೆ. ಅವಳು, “ಉಳಿದೋರು ಏನು ಮಾಡಿದ್ರು?” ಎಂದಳು. ಅಷ್ಟು ದೂರ ಇನ್ನೂ ಓದಿಲ್ಲ ಎಂದೆ. “ಹೋಗ್ಲಿ, ನೀವು ಏನು ಮಾಡಿದ್ರಿ? ನಿಮ್ಮ ಯಜಮಾನರು ಹೋದಾಗ? ಮಾರನೇ ದಿನ ಹೆಂಗೆ ಎದ್ರಿ?”

ನಾಲ್ಕು ವರ್ಷದಲ್ಲಿ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ಪಾಪ ಎಂದವರೇ ಎಲ್ಲ. ಮಾರನೆಯ ದಿನ ಬಾವಿಯಿಂದ ಎಂಟು ಕೊಡ ನೀರು ಸೇದಿದ್ದು ನೆನಪಿತ್ತು, ಬೇಕಾಗಿದ್ದದ್ದು ಎರಡು. ಅದನ್ನೇ ಹೇಳಿದೆ. ಹೇಳಿದಮೇಲೆ ಪುಸ್ತಕ ಹೊರತೆಗೆದೆ.

ಎಲ್ಲರೂ ಬಿಟ್ಟುಹೋದ ಪಟ್ಟಣದಲ್ಲಿ ನೀರಿನ ಪಂಪಿನ ಮೇಸ್ತ್ರಿಯೊಬ್ಬ ಉಳಿದಿರುತ್ತಾನೆ. ಕುಡಿಯುವವರೇ ಇಲ್ಲದಿದ್ದರೂ ದಿನವೂ ಬೆಳಿಗ್ಗೆ ಪಂಪು ಓಡಿಸುತ್ತಾನೆ. ಬೀದಿಬೀದಿಯ ನಲ್ಲಿಗಳಲ್ಲಿ ನೀರು ಬರುತ್ತದೆ. ದಿನಕ್ಕೆ ಇಷ್ಟಿಷ್ಟೇ ಓದಿ ಹೇಳಿದೆ. ಅವಳು ಅವನೊಡನೆ ಜಗಳಕ್ಕೇ ಬಿದ್ದಳು. “ಒಬ್ಬನಿಗೆ ಅಷ್ಟು ನೀರು ಯಾಕೆ? ಹುಚ್ಚ ಅವ್ನು!” ಎಂದು ಬೈಯುವಳು, ಬೆಳಿಗ್ಗೆ ಬಂದು, “ಇವತ್ತೂ ಓಡಿಸಿದ್ನಾ?” ಎಂದು ಕೇಳುವಳು. ಜವಾನ ಮಾತ್ರ ದಿನವೂ ಒಂದೇ ಮಾತು ಹೇಳುತ್ತಿದ್ದ: “ಜೀವ ಐತೆ.”

ಒಂದು ದಿನ ಅವನು ದೂರದಿಂದಲೇ ಕೈ ಬೀಸುತ್ತ ಬಂದ. ಗಡ್ಡೆ ಒಡೆದು ಜ್ವರ ಇಳಿದಿತ್ತು. ಮತ್ತೂ ಹತ್ತು ದಿನಕ್ಕೆ ಗಂಡ ಕೋಲೂರಿಕೊಂಡು ಬಂದ, ಅರ್ಧ ಆಳಾಗಿ. ಅವಳು ಓಡಿಹೋಗಿ ಅವನನ್ನು ಹಿಡಿದುಕೊಂಡು, “ಇಷ್ಟು ದಿನ ಬೇಕಿತ್ತೇನ್ರಿ ಬರಾಕೆ?” ಎಂದು ಬೈದು, ಅಷ್ಟು ದಿನದ ಅಳುವನ್ನೆಲ್ಲ ಅತ್ತಳು.

ಪಂಪಿನ ಕಥೆಯನ್ನು ನಾನು ಓದಿ ಮುಗಿಸಿದ್ದೆ, ಅವಳಿಗೆ ಹೇಳಲು ಇನ್ನೂ ಎರಡು ಅಧ್ಯಾಯ ಉಳಿದಿದ್ದವು. ನಾನು ಕಾದೆ. ಒಂದು ದಿನ, ಎರಡು ದಿನ. ಮೂರನೆಯ ದಿನ ನಾನೇ ಪುಸ್ತಕ ಹಿಡಿದುಕೊಂಡು ಹೋದೆ. ಅವಳು ಗಂಜಿ ಕಾಯಿಸುತ್ತಿದ್ದಳು.

“ಇನ್ನು ಬ್ಯಾಡ ಬಿಡ್ರಿ ಅಕ್ಕೋರೆ,” ಎಂದಳು, ನಾಚಿಕೊಂಡು. “ಕೇಳಾಕೆ ಹೆದರಿಕೆ ಆಗ್ತೈತೆ.”

ಅವಳ ಸಂತೋಷದ ಬಗ್ಗೆ ನನಗೆ ಹೊಟ್ಟೆಕಿಚ್ಚು ಇರಲಿಲ್ಲ ಎಂದರೆ ಪೂರ್ತಿ ನಿಜವಾಗುವುದಿಲ್ಲ. ಆದರೆ ಅದಕ್ಕಿಂತ ಹೆಚ್ಚಾಗಿ, ಹೇಳದೆ ಉಳಿದ ಆ ಎರಡು ಅಧ್ಯಾಯ ಮೈಯೊಳಗೆ ಕುದಿಯುತ್ತಿತ್ತು. ಗುಡಿಸಲಿಗೆ ಬಂದು ಪುಸ್ತಕವನ್ನು ಒಂದು ಮೂಲೆಗೆ ಎಸೆದೆ. ಒಳಗೆ ಅಕ್ಕಿ ಆರಿಸುತ್ತಿದ್ದ ಅವ್ವ ತಲೆ ಎತ್ತದೆ ಕೇಳಿದಳು:

“ಆ ಪಂಪಿನೋನು ಏನಾದ? ನನಗಾದ್ರೂ ಹೇಳೇ.”

ಪುಸ್ತಕದ ಹುಚ್ಚು ಎಂದು ದಿನವೂ ನನ್ನನ್ನು ಬೈಯುತ್ತಿದ್ದವಳು ತಟ್ಟಿಯ ಹಿಂದೆ ಕೂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ನಾನು ನಿಂತೇ ಹೇಳಿದೆ. ಕೊನೆಗೊಮ್ಮೆ ದಾರಿಹೋಕನೊಬ್ಬ ಪಟ್ಟಣಕ್ಕೆ ಬರುತ್ತಾನೆ, ನಲ್ಲಿಗೆ ಬೊಗಸೆಯೊಡ್ಡಿ ಕುಡಿಯುತ್ತಾನೆ, ನೀರು ಎಲ್ಲಿಂದ ಬಂತೆಂದು ಯೋಚಿಸದೆ ಮುಂದಕ್ಕೆ ಹೋಗುತ್ತಾನೆ. ಮೇಸ್ತ್ರಿ ಅವನನ್ನು ಕಿಟಕಿಯಿಂದ ನೋಡುತ್ತಾನೆ, ಕೂಗುವುದಿಲ್ಲ.

ಅವ್ವ ಮೊರವನ್ನು ಕೆಳಗಿಟ್ಟಳು. “ಕೂಗಬೇಕಿತ್ತು,” ಎಂದಳು. “ಕೂಗಿ, ಉಂಡು ಹೋಗಪ್ಪಾ ಅನ್ನಬೇಕಿತ್ತು.”