ಗಾಳಿಯಲ್ಲಿ ಒಂದು ನಿಮಿಷ ನಿಲ್ಲಿಸಿದ್ದು

ನಮ್ಮ ಮನೆಯ ಹಿಂದೆ ಹಸುಗಳ ಬೂಸಾ, ಹಿಂಡಿ ಇಡುವ ಕೋಣೆಯೊಂದಿದೆ. ಹೋದ ವರ್ಷ ಮಗಳು ಅದರಲ್ಲಿ ಅರ್ಧ ಜಾಗ ಖಾಲಿ ಮಾಡಿಸಿ ಒಂದು ಹೆಲಿಕಾಪ್ಟರ್ ಕೂರಿಸಿದಳು. ನಿಜವಾದದ್ದಲ್ಲ. ಒಂದು ಹಳೆಯ ಕಂಪ್ಯೂಟರ್, ಅದರ ಮುಂದೊಂದು ಪ್ಲಾಸ್ಟಿಕ್ ಕುರ್ಚಿ. ಕೂತರೆ ಎರಡು ಮೊಣಕಾಲಿನ ನಡುವೆ ನೀರಿನ ಪೈಪಿನಿಂದ ಮಾಡಿದ ಕೋಲು, ಎಡಗೈ ಪಕ್ಕಕ್ಕೆ ಗುಜರಿ ಅಂಗಡಿಯಿಂದ ತಂದ ಕಾರಿನ ಹ್ಯಾಂಡ್‌ಬ್ರೇಕ್, ಕಾಲಡಿಗೆ ನಮ್ಮೂರ ಆಚಾರಿ ಮಾಡಿಕೊಟ್ಟ ಎರಡು ಮರದ ಪೆಡಲು. ಕೋಲು ವಾಲಿಸಿದರೆ ಪರದೆಯಲ್ಲಿ ಹೆಲಿಕಾಪ್ಟರ್ ಆ ಕಡೆ ವಾಲುತ್ತದೆ. ಹ್ಯಾಂಡ್‌ಬ್ರೇಕ್ ಎತ್ತಿದರೆ ಮೇಲೇಳುತ್ತದೆ. ಪೆಡಲು ತುಳಿದರೆ ಮೂತಿ ತಿರುಗಿಸುತ್ತದೆ.

ಅವಳು ಬಂಗಾರಪೇಟೆಯಿಂದ ದಿನಾ ರೈಲಿನಲ್ಲಿ ಚಿನ್ನದ ಗಣಿಯಿದ್ದ ಉರಿಗಾಂ ಕಡೆಗೆ ಹೋಗಿ ಡಿಪ್ಲೊಮಾ ಓದುತ್ತಿದ್ದಳು. ಇದು ಕೊನೆಯ ವರ್ಷದ ಪ್ರಾಜೆಕ್ಟ್. ಬರೀ ಯಂತ್ರ ಮಾಡಿದ್ದರೆ ಮುಗಿಯುತ್ತಿತ್ತೇನೋ. ಇವಳು ಧೈರ್ಯವಂತೆ, ಕಾಲೇಜಿಗೆ ಕೊಡುವ ಕಾಗದದಲ್ಲಿ ಒಂದು ಮಾತು ಹೆಚ್ಚಾಗಿಯೇ ಬರೆದುಕೊಟ್ಟಿದ್ದಳು: ಯಾವತ್ತೂ ಇಂಥದ್ದನ್ನು ಮುಟ್ಟದವರಿಗೂ ಈ ಯಂತ್ರದಲ್ಲಿ ಹದಿನೈದೇ ದಿನದಲ್ಲಿ ಹೆಲಿಕಾಪ್ಟರನ್ನು ಗಾಳಿಯಲ್ಲಿ ಒಂದು ನಿಮಿಷ ಅಲ್ಲಾಡದಂತೆ ನಿಲ್ಲಿಸಲು ಕಲಿಸಬಹುದು ಅಂತ. ಅದನ್ನು ಹೊರಗಿನಿಂದ ಬರುವ ಪರೀಕ್ಷಕರ ಎದುರು ಮಾಡಿ ತೋರಿಸಬೇಕು. ಆಗದಿದ್ದರೆ ಪ್ರಾಜೆಕ್ಟ್ ಫೇಲು, ಡಿಪ್ಲೊಮಾ ಆರು ತಿಂಗಳು ಮುಂದಕ್ಕೆ, ಅಷ್ಟರಲ್ಲಿ ಕಾರ್ಖಾನೆಯಲ್ಲಿ ಸಿಗಲಿದ್ದ ಅಪ್ರೆಂಟಿಸ್ ಜಾಗ ಬೇರೆಯವರ ಪಾಲು.

ಕಲಿಯುವವರು ಯಾರು? ಅವಳ ಜೊತೆಯವರೆಲ್ಲ ಮೊಬೈಲಿನಲ್ಲಿ ಕಾರು, ವಿಮಾನ ಓಡಿಸಿ ಪಳಗಿದವರು, ಅವರು ಲೆಕ್ಕಕ್ಕಿಲ್ಲ ಅಂದರಂತೆ ಮೇಷ್ಟ್ರು. ಒಂದು ಮಧ್ಯಾಹ್ನ ನಾನು ಅವರೆಕಾಯಿ ಬಿಡಿಸುತ್ತಾ ಕೂತಿದ್ದಾಗ ಬಂದು ಎದುರಿಗೆ ಕೂತಳು.

"ಅಮ್ಮಾ, ನೀನು ಯಾವತ್ತಾದ್ರೂ ಗೇಮ್ ಆಡಿದ್ದೀಯಾ?"

"ಚೌಕಾಬಾರ ಆಡಿದ್ದೀನಿ. ಯಾಕೆ?"

"ಸೈಕಲ್ಲು?"

"ಅದನ್ನ ಯಾರೇ ಕಲಿಸಿದ್ರು ನಂಗೆ?"

ಅವಳ ಮುಖ ಅರಳಿತು. ನನಗೆ ಏನೂ ಬರುವುದಿಲ್ಲ ಎಂದು ಯಾರಾದರೂ ಅಷ್ಟು ಸಂತೋಷಪಟ್ಟಿದ್ದನ್ನು ನಾನು ಅದೇ ಮೊದಲು ನೋಡಿದ್ದು.

ಮೊದಲ ದಿನ ಕುರ್ಚಿಗೆ ಕೈಮುಗಿದು ಕೂತೆ. ಮಗಳು ಹೇಳಿದಂತೆ ಎಡಗೈಯಿಂದ ಮೆಲ್ಲಗೆ ಎತ್ತಿದೆ. ಹೆಲಿಕಾಪ್ಟರ್ ಬುಗುರಿಯ ಹಾಗೆ ಒಂದು ಸುತ್ತು ತಿರುಗಿ, ಮಗ್ಗುಲಿಗೆ ವಾಲಿ, ದಬಕ್ಕನೆ ಬಿತ್ತು. ಬಾಯಿಂದ "ಗೋವಿಂದಾ" ಅಂತ ಬಂತು. ಅವತ್ತು ಸಂಜೆ ಹಾಲು ಕರೆಯುವ ಹೊತ್ತಿಗೆ ಹನ್ನೊಂದು ಸಲ ಗೋವಿಂದಾ ಆಗಿತ್ತು.

"ಲೇ, ಅದರೊಳಗೆ ಜನ ಇರ್ತಾರಾ?" ಅಂತ ಕೇಳಿದೆ.

"ಯಾರೂ ಇರಲ್ಲಮ್ಮ. ನೀನೊಬ್ಳೇ."

ಸದ್ಯ, ಅದೊಂದು ಪುಣ್ಯ ಅಂದುಕೊಂಡೆ. ಆದರೆ ನಮ್ಮ ಯಜಮಾನರು ಬಿಡಬೇಕಲ್ಲ. ದಿನಾ ಡೇರಿಗೆ ಹಾಲು ಹಾಕಿ ಬಂದವರೇ ಖಾಲಿ ಕ್ಯಾನು ಇಡುತ್ತಾ, "ಎಷ್ಟು ಜನ ಹೋದ್ರು ಇವತ್ತು?" ಅನ್ನುವರು.

"ನಿಮ್ಮನ್ನ ಒಂದಿನ ಅದ್ರಾಗೆ ಕೂರಿಸ್ಕಂತೀನಿ, ಆಗ ಗೊತ್ತಾಗ್ತದೆ."

"ಬ್ಯಾಡ ತಾಯಿ. ನಂಗೆ ಎತ್ತಿನ ಗಾಡಿನೇ ಸಾಕು."

ಮಗಳ ಕಲಿಸುವ ರೀತಿ ಚೆನ್ನಾಗಿತ್ತು, ಅದನ್ನು ಹೇಳಲೇಬೇಕು. ಮೂರನ್ನೂ ಒಟ್ಟಿಗೆ ಕೊಡಲಿಲ್ಲ. ಎರಡನ್ನು ಕಂಪ್ಯೂಟರೇ ನೋಡಿಕೊಳ್ಳುವಂತೆ ಮಾಡಿ, ಮೊದಲು ಪೆಡಲು ಮಾತ್ರ ನನಗೆ ಬಿಟ್ಟಳು. ಎರಡು ದಿನದಲ್ಲಿ ಮೂತಿ ನೆಟ್ಟಗಾಯಿತು. ಆಮೇಲೆ ಹ್ಯಾಂಡ್‌ಬ್ರೇಕ್. ಅದೂ ಬಂತು. ಕೊನೆಗೆ ಆ ಕೋಲು. ಅದೊಂದು ಮಾತ್ರ ಬರಲೊಲ್ಲದು. ಹೆಲಿಕಾಪ್ಟರ್ ಎಡಕ್ಕೆ ಜಾರಿತು ಅಂತ ಬಲಕ್ಕೆ ತಂದರೆ ಬಲಕ್ಕೇ ಓಡುವುದು, ಅಲ್ಲಿಂದ ಎಡಕ್ಕೆ ಎಳೆದರೆ ಇನ್ನೂ ಜೋರಾಗಿ ಎಡಕ್ಕೆ.

ಅಷ್ಟರಲ್ಲಿ ನಾನೇ ಒಂದು ಎಡವಟ್ಟು ಮಾಡಿದೆ. ಅವತ್ತು ಶುಕ್ರವಾರ. ಇಷ್ಟು ದಿನದಿಂದ ಕೂರುತ್ತಿದ್ದೇನೆ, ಇದಕ್ಕೊಂದು ಪೂಜೆ ಮಾಡಲಿಲ್ಲವಲ್ಲ ಅನ್ನಿಸಿತು. ಮನೆಯಲ್ಲಿ ಹಾಲಿನ ಕ್ಯಾನಿಗೂ ಅರಿಶಿನ ಕುಂಕುಮ ಇಡುವವಳು ನಾನು. ಕೋಲಿಗೂ ಹ್ಯಾಂಡ್‌ಬ್ರೇಕಿಗೂ ಧಾರಾಳವಾಗಿ ಹಚ್ಚಿ, ಹೂವು ಸಿಕ್ಕಿಸಿ, ಪೆಡಲಿನ ಕೆಳಗೆ ನಿಂಬೆಹಣ್ಣಿಟ್ಟು ತುಳಿದೆ. ಮಾರನೆಯ ದಿನದಿಂದ ಹೆಲಿಕಾಪ್ಟರ್ ಕೋಲು ನೆಟ್ಟಗೆ ಹಿಡಿದಿದ್ದರೂ ಎಡಕ್ಕೇ ಹೋಗತೊಡಗಿತು. ಎರಡು ದಿನ ನನ್ನ ಕೈಯನ್ನೇ ಬೈದುಕೊಂಡೆ. ಮೂರನೆಯ ದಿನ ಮಗಳು ಕೋಲಿನ ಬುಡ ಬಿಚ್ಚಿದಳು. ಒಳಗೆ ತಿರುಗುವ ಸಣ್ಣ ಗುಂಡಿಯ ಸುತ್ತ ಕೆಂಪಗೆ ಕುಂಕುಮ ಮೆತ್ತಿಕೊಂಡಿತ್ತು.

"ಅಮ್ಮಾ! ಇದು ದೇವ್ರಲ್ಲ ಕಣಮ್ಮಾ, ಇದು ಸೆನ್ಸರ್ರು!"

ಅಳು ಬಂತು ನನಗೆ. ಒಳ್ಳೆಯದಾಗಲಿ ಅಂತ ಮಾಡಿದ್ದು ಮಗುವಿನ ಓದಿಗೇ ಅಡ್ಡ ಬಂತಲ್ಲ! ಅವಳು ಅಪ್ಪನ ಶೇವಿಂಗ್ ಬ್ರಷ್ ತಂದು ಊದಿ ಊದಿ ಒರೆಸುತ್ತಾ ಕೂತಳು. ಸ್ವಲ್ಪ ಹೊತ್ತಿಗೆ ಅವಳ ಭುಜ ಅಲ್ಲಾಡುತ್ತಿದೆ. ಇವಳೂ ಅಳುತ್ತಿದ್ದಾಳೆಂದು ಬಗ್ಗಿ ನೋಡಿದರೆ, ನಗುತ್ತಿದ್ದಾಳೆ. "ಬರೀ ಕುಂಕುಮ ಅಲ್ಲಮ್ಮ, ಅಕ್ಷತೆ ಕಾಳೂ ಐತೆ ಇಲ್ಲಿ." ಇಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ಕುಂಕುಮವನ್ನು ಆಮೇಲೆ ಮೇಜಿನ ಕಾಲಿಗೆ ಇಟ್ಟೆ. ಅಲ್ಲಿಂದಲೂ ದೇವರಿಗೆ ಕಾಣಿಸುತ್ತದೆ.

ಉಳಿದದ್ದು ಐದು ದಿನ. ನಾನಿನ್ನೂ ಏಳೆಂಟು ಎಣಿಸುವಷ್ಟರಲ್ಲಿ ಬೀಳುತ್ತಿದ್ದೆ. ಮಗಳು, "ಅದು ಹೋದ ಮ್ಯಾಲೆ ಹಿಡೀಬೇಡಮ್ಮ. ಹೋಗೋಕೆ ಮುಂಚೇನೇ ಹಿಡಿ" ಅನ್ನುವಳು. "ಹೋಗೋಕೆ ಮುಂಚೆ ನಂಗೆಂಗೆ ಗೊತ್ತಾಗ್ತದೆ?" ಅಂದರೆ ಕೋಲು ನನ್ನ ಕೈಗೆ ಕೊಟ್ಟು ಮತ್ತೆ ಎತ್ತಿಸುವಳು. ರಾತ್ರಿ ಊಟ ಬಿಟ್ಟು ಮಲಗತೊಡಗಿದಳು. ಬಾಯಲ್ಲಿ ಮಾತ್ರ "ಪರ್ವಾಗಿಲ್ಲ ಬಿಡಮ್ಮ" ಅನ್ನುತ್ತಿದ್ದಳು.

ಆ ಮಂಗಳವಾರ ನಮ್ಮೂರ ಗಂಗಮ್ಮನಿಗೆ ದೀಪ. ನಮ್ಮ ಕಡೆ ಅಕ್ಕಿಹಿಟ್ಟು ಬೆಲ್ಲ ಕಲಸಿದ ತಂಬಿಟ್ಟಿನಲ್ಲಿ ದೀಪ ಮಾಡಿ, ತಟ್ಟೆಯಲ್ಲಿಟ್ಟು, ಹೂ ಸುತ್ತಿ, ಹೆಂಗಸರು ತಲೆಯ ಮೇಲೆ ಹೊತ್ತು ಗುಡಿಗೆ ಹೋಗುತ್ತೇವೆ. ನಾನು ಲಂಗ ತೊಡುವ ಕಾಲದಿಂದ ಹೊತ್ತವಳು. ಕೈ ಹಿಡಿಯದೆಯೇ ನಡೆಯುತ್ತೇನೆ. ಅವತ್ತು ತಮಟೆಯ ಸದ್ದಿನಲ್ಲಿ ನಡೆಯುತ್ತಾ ಇದ್ದಾಗ ಗಾಳಿ ಬೀಸಿತು, ತಟ್ಟೆ ಒಂಚೂರು ವಾಲಿತು. ನಾನೇನೂ ಮಾಡಲಿಲ್ಲ. ಮಾಡಲಿಲ್ಲ ಅಂದುಕೊಂಡೆ, ಆದರೆ ನನ್ನ ಕತ್ತು ಆಗಲೇ ಕೂದಲೆಳೆಯಷ್ಟು ಸರಿದು ವಾಪಸ್ಸು ಬಂದಿತ್ತು. ಕಣ್ಣು ಎಲ್ಲಿತ್ತು? ದೀಪದ ಮೇಲಲ್ಲ, ಕಾಲಿನ ಮೇಲಲ್ಲ. ಬೀದಿಯ ಕೊನೆಯ ಬೇವಿನ ಮರದ ಮೇಲಿತ್ತು. ಕೋಣೆಯಲ್ಲಾದರೋ ನಾನು ಹೆಲಿಕಾಪ್ಟರಿನ ಕೆಳಗಿನ ನೆಲವನ್ನೇ ದುರುಗುಟ್ಟಿ ನೋಡುತ್ತಿದ್ದೆ! ಗಂಗಮ್ಮನ ಮುಂದೆ ನಿಂತು ಆರತಿ ತೆಗೆದುಕೊಳ್ಳುವಾಗಲೂ ನನಗೆ ಅದೇ ಧ್ಯಾನ. ತಾಯಿ ಕ್ಷಮಿಸಿರುತ್ತಾಳೆ, ತೋರಿಸಿಕೊಟ್ಟವಳು ಅವಳೇ ತಾನೆ.

ಮಾರನೆಯ ದಿನ ಕುರ್ಚಿಯಲ್ಲಿ ಕೂತು ಮೊಣಕೈಯನ್ನು ತೊಡೆಗೆ ಆನಿಸಿದೆ. ಪರದೆಯಲ್ಲಿ ದೂರದಲ್ಲೊಂದು ಗುಡ್ಡ ಇತ್ತು, ಅಲ್ಲಿಗೆ ಕಣ್ಣಿಟ್ಟೆ. ಕೋಲನ್ನು ಎಳೆಯಲಿಲ್ಲ, ಎರಡು ಬೆರಳಿನಿಂದ ಒತ್ತಿ ಬಿಟ್ಟೆ, ಒತ್ತಿ ಬಿಟ್ಟೆ. ಹೆಲಿಕಾಪ್ಟರ್ ನಿಂತಿತು. ಮಗಳು ಉಸಿರು ಬಿಡದೆ ಎಣಿಸುತ್ತಿದ್ದಳು. ನಲವತ್ತೊಂದಕ್ಕೆ ನನ್ನ ತಲೆಯೊಳಗೆ ಒಲೆಯ ಮೇಲಿನ ಹಾಲು ನೆನಪಾಗಿ ಹೆಲಿಕಾಪ್ಟರ್ ಬಿತ್ತು. ಹಾಲೂ ಉಕ್ಕಿತ್ತು, ಹೋಗಲಿ. ಕೊನೆಯ ದಿನದ ಹೊತ್ತಿಗೆ ಒಂದು ನಿಮಿಷ ದಾಟಿದ್ದೆ.

ಪರೀಕ್ಷೆಯ ದಿನ ಎಲ್ಲವನ್ನೂ ಲಗೇಜ್ ಆಟೋಗೆ ಹೇರಿ ಹೊರಟೆವು. ನಾನು ಕಂಪ್ಯೂಟರಿನ ಪರದೆಯನ್ನು ಹಳೆಯ ಸೀರೆಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡಿದ್ದೆ. ಮಳೆ ಬರಲಿಲ್ಲ, ಕಾಲೇಜಿನಲ್ಲಿ ಕರೆಂಟು ಇತ್ತು, ನಮ್ಮದು ಎರಡನೆಯ ಸರದಿ. ಒಂದೊಂದಕ್ಕೂ ಒಂದೊಂದು ಸಲ ಮನಸ್ಸಿನಲ್ಲೇ ಕೈಮುಗಿದೆ.

ಪರೀಕ್ಷಕರು ಬೆಂಗಳೂರಿನವರು, ಕನ್ನಡಕದ ಮೇಲಿಂದ ನೋಡುವವರು. ನಾನು ಕೂತು ಒಂದು ನಿಮಿಷ ಐದು ಸೆಕೆಂಡು ನಿಲ್ಲಿಸಿ ಇಳಿಸಿದೆ. ಮಗಳ ಮುಖದಲ್ಲಿ ನಗು ಬರುವಷ್ಟರಲ್ಲಿ ಅವರು ಪೆನ್ನು ಮುಚ್ಚಿಟ್ಟು, "ಚೆನ್ನಾಗಿದೆ. ಆದರೆ ಇವರು ನಿಮ್ಮ ತಾಯಿ. ಮನೆಯಲ್ಲಿ ಆರು ತಿಂಗಳು ಕಲಿತಿದ್ದರೂ ನನಗೆ ಹೇಗೆ ಗೊತ್ತಾಗಬೇಕು?" ಅಂದರು.

ಮಗಳು ಹದಿನೈದು ದಿನದ್ದನ್ನು ದಿನಾ ಬರೆದಿಟ್ಟ ಪುಸ್ತಕ ತೋರಿಸಿದಳು. ಅವರು ಸಾಲದು ಅನ್ನುವಂತೆ ತಲೆಯಾಡಿಸಿದರು. ಅಷ್ಟರಲ್ಲಿ ಕಾಲೇಜಿನ ಕಸ ಗುಡಿಸಿ ಟೀ ಕೊಡುವ ಹೆಂಗಸು ಲೋಟಗಳ ತಟ್ಟೆ ಹಿಡಿದು ಒಳಗೆ ಬಂದಳು. ಕೋರಮಂಡಲ್‌ನ ಗಣಿ ಕೂಲಿಗಳ ಲೈನುಮನೆಯವಳು, ಮನೆಮಾತು ತಮಿಳು, ನನಗಿಂತ ನಾಲ್ಕೈದು ವರ್ಷ ಚಿಕ್ಕವಳಿರಬೇಕು. ಪರೀಕ್ಷಕರು ಅವಳನ್ನೇ ತೋರಿಸಿದರು.

"ಇವರಿಗೆ ಕಲಿಸಿ. ಅರ್ಧ ಗಂಟೆ ಕೊಡ್ತೀನಿ. ಪೆಡಲು ಕಂಪ್ಯೂಟರಿಗೇ ಇರಲಿ. ಇಪ್ಪತ್ತು ಸೆಕೆಂಡು ನಿಲ್ಲಿಸಿದರೆ ಸಾಕು, ನಿಮ್ಮ ಮಾತು ಒಪ್ತೀನಿ."

"ಅಯ್ಯಯ್ಯೋ, ನಾ ಮಾಟ್ಟೇನ್ ಸಾರ್!" ಅಂತ ಅವಳು ಹಿಂದೆ ಸರಿದಳು. "ಒಡ್ದೋದ್ರೆ ನನ್ ತಲೆ ಮ್ಯಾಲೆ ಬರ್ತದೆ."

ಮಗಳು ಶುರು ಮಾಡಿದಳು. ಟೀಯಮ್ಮ ಕೂತು ಕೋಲನ್ನು ಬಾವಿಹಗ್ಗದಂತೆ ಹಿಡಿದು ಎಳೆದು, ಮೂರು ಸಲ ಬೀಳಿಸಿದಳು. ಹತ್ತು ನಿಮಿಷ ಹೋಯಿತು. ಮಗಳು ನನ್ನ ಕಡೆ ನೋಡಿದಳು. ಆ ನೋಟಕ್ಕೆ ನಾನು ಕೇಳದೆಯೇ ಎದ್ದೆ.

"ಯಮ್ಮಾ, ನೀನು ಪಾಲ್‌ಕುಡಂ ಹೊರ್ತೀಯಾ?" ಅಂತ ಕೇಳಿದೆ. ಅವರ ಕಡೆ ಮಾರಿಯಮ್ಮನಿಗೆ ಹಾಲಿನ ಬಿಂದಿಗೆಯನ್ನು ತಲೆಯ ಮೇಲೆ ಹೊತ್ತು ಹೋಗುವುದನ್ನು ನಾನು ನೋಡಿದ್ದೆ.

"ವರ್ಷಾ ವರ್ಷಾ ಹೊರ್ತೀನಿ ಅಕ್ಕಾ. ಯಾಕೆ?"

"ಹಾಲು ಚೆಲ್ಲಿದ್ದೀಯಾ?"

"ಚೆಲ್ಲಿದ್ರೆ ಆಯಮ್ಮ ಸುಮ್ನೆ ಬಿಡ್ತಾಳಾ?"

"ಇದು ಅದೇ ಕಣಮ್ಮ. ಬಿಂದಿಗೆ ನೋಡ್ಬೇಡ. ಗುಡಿ ನೋಡು. ಅಗೋ, ಆ ಗುಡ್ಡ ಕಾಣ್ತದಲ್ಲ, ಅದೇ ಗುಡಿ."

ಅವಳು ನನ್ನನ್ನು ಒಂದು ಸಲ ನೋಡಿದಳು. ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿದಳು, ಬೆನ್ನು ನೆಟ್ಟಗೆ ಮಾಡಿದಳು. ಅವಳ ಮುಂಗೈಯನ್ನು ನಾನೇ ತೊಡೆಯ ಮೇಲೆ ಇಟ್ಟೆ. ಮಗಳು ಮೊದಲು ಕೋಲು ಮಾತ್ರ ಅವಳಿಗೆ ಬಿಟ್ಟಳು, ಆಮೇಲೆ ಹ್ಯಾಂಡ್‌ಬ್ರೇಕನ್ನೂ ಕೊಟ್ಟಳು. ಬಿತ್ತು. ಮತ್ತೆ ಎತ್ತಿದಳು. ಹನ್ನೆರಡು ಎಣಿಸುವಷ್ಟರಲ್ಲಿ ಬಿತ್ತು. ಪರೀಕ್ಷಕರು ಗಡಿಯಾರ ನೋಡಿ, "ಇನ್ನೆರಡು ನಿಮಿಷ" ಅಂದರು. ಮಗಳು ಬಂದು ನನ್ನ ಕೈ ಹಿಡಿದುಕೊಂಡಳು. ನಾನು ದೇವರನ್ನು ಏನೂ ಕೇಳಲಿಲ್ಲ. ಇಷ್ಟು ದಿನ ಕೊಟ್ಟದ್ದೇ ಬಹಳ ಆಗಿತ್ತು, ಮತ್ತೆ ಕೇಳಲು ನಾಚಿಕೆಯಾಯಿತು.

ಟೀಯಮ್ಮ ಎತ್ತಿದಳು. ಹೆಲಿಕಾಪ್ಟರ್ ಒಂದು ಸಲ ಎಡಕ್ಕೆ ತೂಗಿತು, ಅವಳ ಕೈ ಅಲ್ಲಾಡಿದ್ದು ನಮಗೆ ಕಾಣಲೇ ಇಲ್ಲ. ಮಗಳು ಎಣಿಸುತ್ತಿದ್ದಳು. ಹದಿನೈದಾಯಿತು, ಹದಿನೆಂಟಾಯಿತು. ಇಪ್ಪತ್ತು ದಾಟಿದರೂ ಎಣಿಸುತ್ತಲೇ ಇದ್ದಳು.

"ನಿಕ್ಕುದು ಅಕ್ಕಾ!" ಅಂತ ಅವಳೇ ಕಿರುಚಿದಳು. "ನಿಂತೈತೆ! ನೋಡಿ ಸಾರ್, ನಿಂತೈತೆ!" ಕಿರುಚಿದ ರಭಸಕ್ಕೆ ಇಪ್ಪತ್ತಾರಕ್ಕೆ ಬಿತ್ತು.

ಮಗಳು ಅವಳನ್ನು ಕುರ್ಚಿಯ ಸಮೇತ ತಬ್ಬಿಕೊಂಡಳು. ಪರೀಕ್ಷಕರು ಏನೋ ಬರೆದು, ಸಹಿ ಹಾಕಿ, "ಪಾಸು. ಕಲಿಸುವ ಕ್ರಮದ ಬಗ್ಗೆ ಬರೆಯುವಾಗ ಈ ಬಿಂದಿಗೆ ವಿಷಯವನ್ನೂ ಸೇರಿಸಮ್ಮ" ಅಂದರು. ಟೀ ಆರಿ ಕೆನೆಗಟ್ಟಿತ್ತು, ಅದನ್ನೇ ಎಲ್ಲರೂ ಕುಡಿದೆವು. ನನಗೆ ಅದು ಪ್ರಸಾದದಷ್ಟೇ ರುಚಿಯಾಗಿತ್ತು.

ಮುಂದಿನ ಸರದಿಯ ಹುಡುಗರನ್ನು ಕರೆಯಬೇಕಿತ್ತು. ಆದರೆ ಪರೀಕ್ಷಕರು ಕದವನ್ನು ಸ್ವಲ್ಪ ಮುಂದಕ್ಕೆ ತಳ್ಳಿ, ಕನ್ನಡಕ ಒರೆಸಿಕೊಂಡು, "ನಾನೂ ಒಂದ್ಸಲ ನೋಡಲೇನು?" ಅಂದರು. ಕೂತರು. ನಾಲ್ಕು ಎಣಿಸುವಷ್ಟರಲ್ಲಿ ಬೀಳಿಸಿದರು. ಮತ್ತೆ ಎತ್ತಿದರು, ಮತ್ತೆ ಬಿತ್ತು. ಟೀಯಮ್ಮ ಖಾಲಿ ಲೋಟಗಳ ತಟ್ಟೆಯನ್ನು ಸೊಂಟಕ್ಕೆ ಆನಿಸಿಕೊಂಡು ಅವರ ಕುರ್ಚಿಯ ಹಿಂದೆ ಹೋಗಿ ನಿಂತಳು.

"ಕೆಳಗ್ ಯಾಕ್ ನೋಡ್ತೀರಾ ಸಾರ್," ಅಂದಳು. "ಗುಡಿ ಅಲ್ಲೈತೆ."